ರಜೆ ಇದ್ದಾಗ ಬಸ್ಸಿಲ್ಲ, ಬಸ್ಸಿದ್ದಾಗ ಹೊತ್ತಿಲ್ಲ

ಮೇ 18 ಅಂತಾರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ. 1977ರಿಂದ ಜಗತ್ತಿನ ದೇಶದೇಶಗಳಲ್ಲಿ ಆಚರಿಸುತ್ತ ಬಂದಿದ್ದಾರೆ. ನಮ್ಮ ಕಡೆ ಅದು ಬರುವುದು, ಕೋಲ, ಆಟಗಳ ಹಂಗಾಮು ಮುಗಿಯುವ ಪತ್ತನಾಜೆಗೆ ಹೆಚ್ಚುಕಡಿಮೆ ಒಂದು ವಾರ ಇರುವಾಗ. ಕೋಲ, ಒತ್ತೆಕೋಲ, ಬ್ರಹ್ಮಕಲಶ, ಮೇಳದ ಆಟ, ಮದುವೆ, ಗೃಹಪ್ರವೇಶ ಎಲ್ಲವನ್ನೂ ಗೆಜ್ಜೆ ಬಿಚ್ಚುವ ಮೊದಲೇ ಮುಗಿಸಿಬಿಡಬೇಕೆಂದು ಸುಳ್ಯ ತಾಲೂಕಿನ ಮರ್ಕಂಜದಿಂದ ಮಡಪ್ಪಾಡಿಯವರೆಗೆ ಒಬ್ಬರ ಮನೆಯಲ್ಲೂ ಒಬ್ಬರಿಲ್ಲದ ದಿನಗಳು ಅವು. ಆ ಗಡಿಬಿಡಿಯಲ್ಲಿ ಮ್ಯೂಸಿಯಂ ದಿನ ಬಂದದ್ದು ಯಾರಿಗೆ ಗೊತ್ತಾಗಬೇಕು? ಗೊತ್ತಾಗಲಿಲ್ಲವೆಂದು ಯಾರನ್ನೂ ದೂರುವುದಕ್ಕೂ ಇಲ್ಲ. ಆದರೆ ಅದೇ ದಿನಗಳಲ್ಲಿ ನಮ್ಮ ಮಕ್ಕಳಿಗೆ ವರ್ಷದ ಅತಿ ದೊಡ್ಡ ರಜೆ. ಏಪ್ರಿಲ್ 11ರ ಹೊತ್ತಿಗೆ ಶಾಲೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಮೇ ಕೊನೆಗೆ. ಒಂದೂವರೆ ತಿಂಗಳು ಅವರ ಕೈಯಲ್ಲಿ ಹೊತ್ತೇ ಹೊತ್ತು.

ಇನ್ನೊಂದು ಬೇಸಗೆ ಕಳೆಯುತ್ತಿರುವ ಈ ಹೊತ್ತಿನಲ್ಲಿ, ಕಲೆಯ ಮತ್ತು ವಿಜ್ಞಾನದ ಪ್ರದರ್ಶನಗಳನ್ನು ನೋಡುವ ವಿಷಯದಲ್ಲಿ ನಮ್ಮಂಥ ಒಳನಾಡಿನ ಊರು ಎಲ್ಲಿಗೆ ಬಂದು ನಿಂತಿದೆ ಎಂದು ಹಿಂತಿರುಗಿ ನೋಡುವುದು ಈ ಬರಹದ ಕೆಲಸ. ಸಂಸ್ಥೆಗಳ ಲೆಕ್ಕ ತೆಗೆದರೆ ಕರಾವಳಿಗೆ ಕೊರತೆಯಿಲ್ಲ. ಅಲ್ಲಿಗೆ ಹೋಗುವ ಅಭ್ಯಾಸದ ಲೆಕ್ಕ ತೆಗೆದರೆ ಖಾತೆ ಬಹುಮಟ್ಟಿಗೆ ಖಾಲಿ.

ಮೊದಲು ಇರುವುದನ್ನು ನೋಡೋಣ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಮ್ಯೂಸಿಯಂ 1913ರಷ್ಟು ಹಳೆಯದು. ಇಟಲಿಯಿಂದ ಬಂದು ಇಲ್ಲಿ ನಿಸರ್ಗವಿಜ್ಞಾನ ಕಲಿಸುತ್ತಿದ್ದ ಪಾದ್ರಿಯೊಬ್ಬರು ಕೊಟ್ಟ ಹಳೆಯ ನಾಣ್ಯಗಳನ್ನು ಇಡಲು ಜಾಗ ಬೇಕೆಂದು ಶುರುವಾದದ್ದು. ಈಗ ಅಲ್ಲಿ ಮಂಗಳೂರಿನ ಮೊದಲ ಕಾರೆಂದು ಹೆಸರಾದ ಹಳೆಯ ಫ್ರೆಂಚ್ ಗಾಡಿಯೂ ಇದೆ. ಅದೇ ಕಾಲೇಜಿನ ಚಾಪೆಲ್‌ನಲ್ಲಿ ಆಂಟೋನಿಯೊ ಮೊಶೇನಿ ಎಂಬ ಇಟಲಿಯ ಕಲಾವಿದ 1899ರಿಂದ 1901ರ ತನಕ ಬರೆದ ಚಿತ್ರಗಳು ಗೋಡೆ ಮಾಡು ಎರಡನ್ನೂ ತುಂಬಿವೆ. ಇದನ್ನು ನೋಡಲು ಹೋಗುವವರು ಕತ್ತೆತ್ತಿ ನೋಡಿ, ಫೋಟೊ ತೆಗೆದು, ಹೊರಗೆ ಬರುತ್ತಾರೆ. ಯಾರಾದರೂ ಮಕ್ಕಳನ್ನು ಗೋಡೆಯ ಹತ್ತಿರ ನಿಲ್ಲಿಸಿ, ಈ ಬಣ್ಣ ನೂರಿಪ್ಪತ್ತು ವರ್ಷವಾದರೂ ಮಂಗಳೂರಿನ ಮಳೆಗಾಲಕ್ಕೆ ಯಾಕೆ ಉದುರಿಲ್ಲ ಎಂದು ಕೇಳಬೇಕು. ಹಸಿ ಸುಣ್ಣದ ಗಾರೆ ಆರುವ ಮೊದಲೇ ಬಣ್ಣ ಹಚ್ಚುತ್ತಾರೆ. ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಂಡು ಮತ್ತೆ ಸುಣ್ಣಕಲ್ಲಾಗುತ್ತದೆ. ಹಾಗೆ ಕಲ್ಲಾಗುವಾಗ ಬಣ್ಣದ ಕಣಗಳನ್ನು ತನ್ನೊಳಗೇ ಕಟ್ಟಿ ಹಾಕುತ್ತದೆ. ಅಂದರೆ ಬಣ್ಣ ಗೋಡೆಯ ಮೇಲಿಲ್ಲ, ಗೋಡೆಯೇ ಬಣ್ಣ. ಅಜ್ಜನ ಕಾಲದ ಮನೆಗೆ ವರ್ಷವರ್ಷ ಸುಣ್ಣ ಬಳಿದು ಬೆಳೆದ ಊರಿನವರಿಗೆ ಈ ರಸಾಯನವಿಜ್ಞಾನ ಹೇಳಿಕೊಡಲು ಕಷ್ಟವೇ ಇಲ್ಲ. ಕಲೆಗೊಂದು ಕೋಣೆ, ವಿಜ್ಞಾನಕ್ಕೊಂದು ಕೋಣೆ ಎಂದು ವಿಂಗಡಿಸಿದವರು ನಾವು. ಆ ಗೋಡೆಗೆ ಆ ಭೇದ ಗೊತ್ತಿಲ್ಲ.

ಬಿಜೈಯ ಶ್ರೀಮಂತಿ ಬಾಯಿ ಸ್ಮಾರಕ ಸರಕಾರಿ ವಸ್ತುಸಂಗ್ರಹಾಲಯದ ಕಥೆ ಇನ್ನೂ ವಿಚಿತ್ರ. ಕರ್ನಲ್ ಮಿರಾಜ್ಕರ್ ಎಂಬ ಶಸ್ತ್ರವೈದ್ಯರು ಹಡಗಿನ ಆಕಾರದಲ್ಲಿ ಕಟ್ಟಿಸಿದ ಮನೆಯನ್ನು ತಾಯಿಯ ಹೆಸರಿನಲ್ಲಿ ದಾನ ಕೊಟ್ಟರು, 1960ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಸುಳ್ಯದಿಂದ ಹೊರಟ ಕೆಎಸ್ಸಾರ್ಟಿಸಿ ಬಸ್ಸು ಪುತ್ತೂರು, ಬಿ.ಸಿ. ರೋಡ್ ದಾಟಿ ಕೊನೆಗೆ ನಿಲ್ಲುವುದು ಎಲ್ಲಿ? ಬಿಜೈಯಲ್ಲೇ. ಅಲ್ಲಿಂದ ಮ್ಯೂಸಿಯಂ ನಡೆದು ಹೋಗುವಷ್ಟು ಹತ್ತಿರ. ಆಸ್ಪತ್ರೆಗೆ, ಕೋರ್ಟಿಗೆ, ಪಾಸ್‌ಪೋರ್ಟಿಗೆ, ಮಗಳ ಕಾಲೇಜು ಫೀಸು ಕಟ್ಟುವುದಕ್ಕೆ ನಮ್ಮೂರಿನವರು ಆ ಬಸ್ ನಿಲ್ದಾಣದಲ್ಲಿ ಇಳಿಯುತ್ತಲೇ ಇದ್ದಾರೆ. ವಾಪಸ್ ಬಸ್ಸಿಗೆ ಗಂಟೆಗಟ್ಟಲೆ ಕಾದದ್ದೂ ಇದೆ. ಕಾಯುವ ಹೊತ್ತಿನಲ್ಲಿ ಹೋಟೆಲಿಗೆ ಹೋಗುತ್ತಾರೆ, ಸೀರೆ ಅಂಗಡಿಗೆ ಹೋಗುತ್ತಾರೆ. ಆ ಹಡಗಿನ ಕಡೆಗೆ ತಿರುಗಿದವರನ್ನು ಊರಲ್ಲಿ ಹುಡುಕಬೇಕು.

ಹೊಸದರಲ್ಲಿ ಪಿಲಿಕುಳವೇ ದೊಡ್ಡದು. ಮೂಡುಶೆಡ್ಡೆಯ ಆ ನಿಸರ್ಗಧಾಮದಲ್ಲಿ 2014ರಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರ ಬಂತು, 2018ರ ಮಾರ್ಚ್‌ನಲ್ಲಿ ದೇಶದ ಮೊದಲ ತ್ರೀಡಿ ತಾರಾಲಯ ಎಂಬ ಹೆಗ್ಗಳಿಕೆಯೊಂದಿಗೆ ಸ್ವಾಮಿ ವಿವೇಕಾನಂದ ತಾರಾಲಯ ಬಂತು. ಪಕ್ಕದಲ್ಲಿ ಶಿವರಾಮ ಕಾರಂತರ ಹೆಸರಿನ ಜೈವಿಕ ಉದ್ಯಾನ, ಕುಶಲಕರ್ಮಿಗಳ ಗ್ರಾಮ, ಗುತ್ತಿನ ಮನೆ. ಒಂದು ಇಡೀ ದಿನಕ್ಕೂ ಮುಗಿಯದಷ್ಟು ಸರಕು ಒಂದೇ ಬೇಲಿಯೊಳಗೆ.

ಮರ್ಕಂಜದ ಮಕ್ಕಳು ಅದನ್ನು ನೋಡಿಲ್ಲವೆಂದಲ್ಲ. ನೋಡಿದ್ದಾರೆ, ಶಾಲೆಯ ಶೈಕ್ಷಣಿಕ ಪ್ರವಾಸದಲ್ಲಿ. ಅದು ನಡೆಯುವುದು ನವೆಂಬರ್ ಡಿಸೆಂಬರಿನಲ್ಲಿ. ಕೋಳಿ ಕೂಗುವ ಮೊದಲು ಬಸ್ಸು ಹೊರಡುತ್ತದೆ. ಪಟ್ಟಿಯಲ್ಲಿ ಒಂದು ದೇವಸ್ಥಾನ, ಒಂದು ಅಣೆಕಟ್ಟೋ ಬೀಚೋ, ಒಂದು ಫ್ಯಾಕ್ಟರಿ, ಒಂದು ಪಾರ್ಕು, ನಡುವೆ ಎಲ್ಲೋ ವಿಜ್ಞಾನ ಕೇಂದ್ರ. ಟೀಚರಿಗೆ ತಲೆ ಎಣಿಸುವುದೇ ದೊಡ್ಡ ಕೆಲಸ. ಸಾಲು ಬಿಡಬಾರದು, ನಿಲ್ಲಬಾರದು, ಮುಂದೆ ಹೋಗಬೇಕು. ಇಂಥ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಇರುವ ಒಂದು ಆಟವನ್ನೇ ತೆಗೆದುಕೊಳ್ಳಿ. ಬುಡಕ್ಕೆ ಬುಡ ಸೇರಿಸಿ ಅಂಟಿಸಿದ ಎರಡು ಶಂಕುಗಳು, ಒಂದು ಕಡೆ ತಗ್ಗಾಗಿ ಹತ್ತಿರವಾಗಿ, ಇನ್ನೊಂದು ಕಡೆ ಎತ್ತರವಾಗಿ ಅಗಲವಾಗಿ ಹೋಗುವ ಎರಡು ಕಂಬಿಗಳು. ತಗ್ಗಿನ ಕಡೆ ಇಟ್ಟರೆ ಶಂಕು ತನ್ನಷ್ಟಕ್ಕೆ ಏರಿನ ಕಡೆಗೆ ಉರುಳುತ್ತದೆ. ಮೊದಲ ಸಲ ಕಂಡವರಿಗೆ ನಗು ಬರುತ್ತದೆ. ಎರಡನೆಯ ಸಲ ಅನುಮಾನ. ಮೂರನೆಯ ಸಲ ಬಗ್ಗಿ, ಕಣ್ಣನ್ನು ಕಂಬಿಯ ಮಟ್ಟಕ್ಕೆ ಇಟ್ಟು ನೋಡಿದಾಗ ಗೊತ್ತಾಗುತ್ತದೆ: ಕಂಬಿ ಅಗಲವಾದಂತೆ ಶಂಕುವಿನ ನಡುಭಾಗ ಕೆಳಗೆ ಕೆಳಗೆ ಕೂರುತ್ತಿದೆ. ಏರಿದ್ದು ಕಂಬಿ, ಇಳಿದದ್ದು ತೂಕದ ಮಧ್ಯಬಿಂದು. ಈ ಮೂರನೆಯ ಸಲಕ್ಕೆ ಸಾಲಿನಲ್ಲಿ ನಿಂತ ಮಗುವಿಗೆ ಅವಕಾಶವೇ ಇಲ್ಲ. ಹಿಂದಿನವನು ಆಗಲೇ ದೂಡುತ್ತಿದ್ದಾನೆ.

ಡಿಸೆಂಬರಿನಲ್ಲಿ ಬಸ್ಸಿದೆ, ಹೊತ್ತಿಲ್ಲ. ಮೇ ತಿಂಗಳಿನಲ್ಲಿ ಹೊತ್ತಿದೆ, ಬಸ್ಸಿಲ್ಲ. ರಜೆಯಲ್ಲಿ ಶಾಲೆ ಕರೆದುಕೊಂಡು ಹೋಗುವುದಿಲ್ಲ, ಮನೆಯವರಿಗೆ ಬಿಡುವಿಲ್ಲ. ತೋಟಕ್ಕೆ ನೀರು ಬಿಡಬೇಕು, ಒಣಗಿದ ಅಡಿಕೆ ಮಳೆಗೆ ಮೊದಲು ಸುಲಿದು ಒಳಗೆ ಹಾಕಬೇಕು, ಕಟ್ಟಿಗೆ ಸೇರಿಸಬೇಕು, ಹಪ್ಪಳ ಒಣಗಿಸಬೇಕು, ಮದುವೆಗಳಿಗೆ ಮುಖ ತೋರಿಸಬೇಕು. ಸುಳ್ಯದಿಂದ ಮಂಗಳೂರಿಗೆ ಎಂಬತ್ತು ಕಿಲೋಮೀಟರಿಗೂ ಮಿಕ್ಕ ದಾರಿ. ಮಂಗಳೂರಿನಿಂದ ಮೂಡುಶೆಡ್ಡೆಗೆ ಇನ್ನೊಂದು ಬಸ್ಸು. ಮರ್ಕಂಜದಿಂದ ಸುಳ್ಯ ಮುಟ್ಟುವುದೇ ಮೊದಲ ಪ್ರಯಾಣ. ಹೋಗಿ ಬರುವ ಹೊತ್ತಿಗೆ ಕತ್ತಲು.

ಹಾಗಾದರೆ ನಮ್ಮೂರಿನವರು ಅತಿ ಹೆಚ್ಚು ಸಲ ನೋಡಿದ ಮ್ಯೂಸಿಯಂ ಯಾವುದು? ಯಾರನ್ನಾದರೂ ಕೇಳಿ ನೋಡಿ, ಧರ್ಮಸ್ಥಳದ ಮಂಜೂಷಾ ಎನ್ನುತ್ತಾರೆ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಬೆಳೆದ ಸಂಗ್ರಹ ಅದು. ತಾಳೆಗರಿ, ನಾಣ್ಯ, ಪಲ್ಲಕ್ಕಿ, ಕ್ಯಾಮೆರಾಗಳ ಸಾಲು, ಪಕ್ಕದಲ್ಲಿ ಹಳೆಯ ಕಾರುಗಳದ್ದೇ ಬೇರೆ ಕಟ್ಟಡ. ಅಲ್ಲಿಗೆ ಹೋಗಬೇಕೆಂದು ಯಾರೂ ಮನೆಯಿಂದ ಹೊರಡುವುದಿಲ್ಲ. ದರ್ಶನಕ್ಕೆ ಹೊರಡುತ್ತಾರೆ. ದರ್ಶನವಾಯಿತು, ಊಟವಾಯಿತು, ಬಸ್ಸಿಗೆ ಇನ್ನೂ ಹೊತ್ತಿದೆ, ಮಕ್ಕಳು ಕಾರು ನೋಡಬೇಕೆನ್ನುತ್ತವೆ. ಹಾಗೆ ಒಳಗೆ ಹೋದವರು ಒಂದು ಗಂಟೆ ಕಳೆದು ಬರುತ್ತಾರೆ. ಈ ಒಂದು ಸಂಗತಿಯಲ್ಲಿ ನಮಗೆ ಬೇಕಾದ ಪಾಠ ಪೂರ್ತಿ ಇದೆ. ಜನ ಹೇಗೂ ನಡೆಯುವ ದಾರಿಯಲ್ಲಿ ಪ್ರದರ್ಶನ ಸಿಕ್ಕಿದರೆ ನೋಡುತ್ತಾರೆ. ದಾರಿ ಬಿಟ್ಟು ಹೋಗಬೇಕೆಂದರೆ ಹೋಗುವುದಿಲ್ಲ. ಮ್ಯೂಸಿಯಂ ಕಟ್ಟುವವರು ಕಟ್ಟಡದ ನಕ್ಷೆಗೆ ಕೊಡುವ ಗಮನದಲ್ಲಿ ಕಾಲು ಪಾಲು ಈ ದಾರಿಯ ನಕ್ಷೆಗೆ ಕೊಟ್ಟಿದ್ದರೆ ಸಾಕಿತ್ತು.

ಹತ್ತಿರದ ಎರಡು ಮೂರು ಜಾಗಗಳನ್ನು ಇಲ್ಲಿ ಹೇಳಬೇಕು. ಸುಳ್ಯದಿಂದ ಮಡಿಕೇರಿ ಐವತ್ತು ಕಿಲೋಮೀಟರಿನ ಆಸುಪಾಸು, ಮಂಗಳೂರಿಗಿಂತ ಹತ್ತಿರ. ಮೇ ತಿಂಗಳಿನಲ್ಲಿ ಮೇಲಾಗಿ ತಂಪು. ಅಲ್ಲಿನ ಕೋಟೆಯೊಳಗೆ 1859ರಲ್ಲಿ ಕಟ್ಟಿದ ಸಂತ ಮಾರ್ಕರ ಇಗರ್ಜಿಯೇ ಈಗ ಸರಕಾರಿ ವಸ್ತುಸಂಗ್ರಹಾಲಯ. ಜನರಲ್ ತಿಮ್ಮಯ್ಯನವರು ಬೆಳೆದ 'ಸನ್ನಿ ಸೈಡ್' ಮನೆ 2021ರ ಫೆಬ್ರವರಿಯಲ್ಲಿ ಸ್ಮಾರಕ ಮ್ಯೂಸಿಯಂ ಆಗಿ ತೆರೆಯಿತು. ನಮ್ಮ ಕಡೆಯಿಂದ ಹೋಗುವವರು ರಾಜಾಸೀಟಿನಲ್ಲಿ ಕೂತು ಚುರುಮುರಿ ತಿಂದು ಸಂಪಾಜೆ ಘಾಟಿ ಇಳಿಯುತ್ತಾರೆ.

ಪುತ್ತೂರಿನ ಪರ್ಲಡ್ಕದ ಬಾಲವನ ಎರಡನೆಯದು. ಶಿವರಾಮ ಕಾರಂತರು ಸುಮಾರು ನಾಲ್ಕು ದಶಕ ಬಾಳಿದ ಜಾಗ. ಮನೆಯನ್ನು ದುರಸ್ತಿ ಮಾಡಿ ಉಳಿಸಿದ್ದಾರೆ, ನಾಟ್ಯಶಾಲೆ ಇದೆ, ಮಕ್ಕಳ ಶಿಬಿರಗಳೂ ನಡೆಯುತ್ತವೆ. ಕರಾವಳಿಯಲ್ಲಿ ವಿಜ್ಞಾನ ಕೇಂದ್ರ ಎಂಬ ಮಾತೇ ಹುಟ್ಟದ ಕಾಲದಲ್ಲಿ, 1936ರಲ್ಲಿ, ಮಕ್ಕಳಿಗೆಂದು ಚಿತ್ರಗಳ ಸಮೇತ 'ಬಾಲಪ್ರಪಂಚ' ಬರೆದು, ಮುಂದೆ ದೊಡ್ಡವರಿಗೆ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ಕೊಟ್ಟ ಮನುಷ್ಯ ಅವರು. ಚಿತ್ರಕಲೆಯ ಬಗ್ಗೆ ಬರೆದವರು, ಯಕ್ಷಗಾನವನ್ನು ಕುಣಿದು ತಿದ್ದಿದವರು, ಪುತ್ತೂರಿನಲ್ಲಿ ಮಕ್ಕಳ ಕೂಟ ನಡೆಸಿದವರು. ಕಲೆ ವಿಜ್ಞಾನ ಎರಡನ್ನೂ ಒಂದೇ ಅಂಗಳದಲ್ಲಿ ಹರಡಿ ಕೂತವರು ಕನ್ನಡದಲ್ಲಿ ಬೇರೊಬ್ಬರಿಲ್ಲವೆಂದರೂ ನಡೆದೀತು. ಆ ಅಂಗಳ ನಮ್ಮ ನೆರೆಯ ತಾಲೂಕಿನಲ್ಲೇ ಇದೆ. ನಮ್ಮ ಹೆಚ್ಚಿನ ಮಕ್ಕಳಿಗೆ ಕಾರಂತರು ಪರೀಕ್ಷೆಯ 'ಕವಿ ಪರಿಚಯ'ದಲ್ಲಿ ಎರಡು ಅಂಕಕ್ಕೆ ಬರುವವರು.

ಮೂರನೆಯದು ಬಿ.ಸಿ. ರೋಡಿನ ಸಂಚಯಗಿರಿಯಲ್ಲಿರುವ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ತುಳು ಬದುಕು ವಸ್ತುಸಂಗ್ರಹಾಲಯ. ಇತಿಹಾಸದ ಪ್ರಾಧ್ಯಾಪಕ ತುಕಾರಾಮ ಪೂಜಾರಿ ಮನೆಮನೆ ಅಲೆದು ಕಟ್ಟಿದ್ದು. ಮುಟ್ಟಾಳೆ, ಗೊರಬು, ಕಳಸೆ, ಸೇರು, ನೊಗ, ನೇಗಿಲು, ಮರದ ಮರಿಗೆ, ಕಂಚಿನ ಪಾತ್ರೆ. ಇಂಥ ಜಾಗಕ್ಕೆ ಮಕ್ಕಳನ್ನು ಟೀಚರೊಬ್ಬರೇ ಕರೆದುಕೊಂಡು ಹೋಗಬಾರದು, ಅಜ್ಜಿಯೊಬ್ಬರು ಜೊತೆಗಿರಬೇಕು. ಚೆನ್ನೆಮಣೆಯ ಪಕ್ಕದ ಚೀಟಿಯಲ್ಲಿ ಹೆಸರು ಇರುತ್ತದೆ, ಆಟ ಇರುವುದಿಲ್ಲ. ಎರಡು ಸಾಲು, ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಮಂಜೊಟ್ಟಿ ಕಾಯಿ, ಒಟ್ಟು ಐವತ್ತಾರು. ಒಂದು ಗುಳಿಯದ್ದನ್ನು ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿಡುತ್ತ ಹೋದರೆ ಕೊನೆಯ ಕಾಯಿ ಎಲ್ಲಿ ಬೀಳುತ್ತದೆ, ಅದರ ಮುಂದಿನ ಗುಳಿ ಖಾಲಿಯೋ ಅಲ್ಲವೋ ಎಂದು ಬೆರಳು ಆಡಿಸದೆ ಮನಸ್ಸಿನಲ್ಲೇ ಲೆಕ್ಕ ಹಾಕುವ ಅಜ್ಜಿಯಂದಿರು ನಮ್ಮಲ್ಲಿ ಇನ್ನೂ ಇದ್ದಾರೆ. ಆಟಿ ತಿಂಗಳಲ್ಲಿ ಆಡುವ ಆಟ ಎಂದು ಬೇಸಗೆಯಲ್ಲಿ ಮಣೆ ಕೆಳಗಿಳಿಸಲು ಒಪ್ಪುವುದಿಲ್ಲ, ಆ ಮಾತು ಬೇರೆ. "ಇದು ನಮ್ಮ ಅಟ್ಟದಲ್ಲೂ ಉಂಟಲ್ಲ ಅಜ್ಜಿ?" ಎಂದು ಮಗುವೊಂದು ಕೇಳಿದರೆ ಆ ಮ್ಯೂಸಿಯಂ ಗೆದ್ದ ಹಾಗೆ. ಆ ಮಣೆ ನಿಜವಾಗಿ ಅಟ್ಟದಲ್ಲಿದ್ದು, ಮುಂದಿನ ಗುಜರಿಯವನ ಕೈಗೆ ಹೋಗದೆ ಉಳಿದರೆ ನಾವೂ ಗೆದ್ದ ಹಾಗೆ.

ನಮ್ಮದನ್ನು ಹೊರಗಿನವರು ಗಾಜಿನೊಳಗೆ ಇಟ್ಟ ಮೇಲೆ ನಮಗೆ ಬೆಲೆ ಗೊತ್ತಾಗುವುದು ಹೊಸತೂ ಅಲ್ಲ. ಬಾರ್ಕೂರಿನ ಹತ್ತಿರದ ಮೆಕ್ಕೆಕಟ್ಟಿನ ದೊಡ್ಡ ದೊಡ್ಡ ಮರದ ಭೂತಶಿಲ್ಪಗಳನ್ನು ನೋಡಬೇಕೆಂದರೆ ಇಂದು ದಿಲ್ಲಿಯ ಕರಕುಶಲ ವಸ್ತುಸಂಗ್ರಹಾಲಯಕ್ಕೂ ಹೋಗಬಹುದು.

ಚಿತ್ರಕಲೆಯ ಲೆಕ್ಕ ಹೇಳಿ ಮುಗಿಸುವಷ್ಟೂ ಇಲ್ಲ. ಬೇಸಗೆ ಶಿಬಿರಗಳು ಸುಳ್ಯದ ಸುತ್ತ ಈಗ ಧಾರಾಳ. ಹಳೆಗೇಟಿನ ರಂಗಮನೆಯಂಥ ಕಡೆ ಮಕ್ಕಳು ನಾಟಕ, ಹಾಡು, ಮುಖವಾಡ ಎಂದು ನಿಜವಾದ ಕೆಲಸ ಮಾಡುತ್ತಾರೆ. ಆದರೆ ಹೆಚ್ಚಿನ ಶಿಬಿರಗಳ ಚಿತ್ರಕಲೆ ಎಂದರೆ ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ, ಬದಿಯಲ್ಲಿ ಒಂದು ತೆಂಗಿನ ಮರ. ಪೂಮಲೆಯ ತಪ್ಪಲಿನಲ್ಲಿ ಬೆಳೆದ ಮಗು ಕೂಡ ಆ ತ್ರಿಕೋನದ ಗುಡ್ಡವನ್ನೇ ಬರೆಯುತ್ತದೆ, ಕಿಟಕಿಯಿಂದ ಕಾಣುವ ಗುಡ್ಡವನ್ನಲ್ಲ. ಕಲಾವಿದನೊಬ್ಬ ಬಣ್ಣ ಹಚ್ಚಿದ ಮೂಲಚಿತ್ರವನ್ನು ಕಣ್ಣಾರೆ ಕಂಡ ಮಕ್ಕಳು ನಮ್ಮಲ್ಲಿ ಎಷ್ಟಿದ್ದಾರು? ಉಡುಪಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ಕೃತಿಗಳನ್ನು ನೋಡಲು ಮಣಿಪಾಲಕ್ಕೋ ಬೆಂಗಳೂರಿಗೋ ಹೋಗಬೇಕು. ಮಂಗಳೂರಿನ ಕೊಡಿಯಾಲಗುತ್ತಿನಲ್ಲಿ, ಬಲ್ಲಾಳಬಾಗಿನ ಗ್ಯಾಲರಿಯಲ್ಲಿ ಆಗಾಗ ಪ್ರದರ್ಶನಗಳಾಗುತ್ತವೆ, ಪೇಪರಿನ ಒಳಪುಟದಲ್ಲಿ ಸುದ್ದಿ ಬರುವಾಗ ಅವು ಮುಗಿದಿರುತ್ತವೆ.

ಇನ್ನು ನಮ್ಮದೇ ಪ್ರದರ್ಶನಗಳ ಮಾತು. ಈ ಬರಹಕ್ಕೆ ಮುಖ್ಯವೆನಿಸಿದ್ದು ಇದು.

ನಮ್ಮ ಶಾಲೆಗಳಲ್ಲಿ ವಿಜ್ಞಾನ ವಸ್ತುಪ್ರದರ್ಶನ ನಡೆಯುತ್ತದೆ. ಕೇಂದ್ರ ಸರಕಾರದ ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಆಯ್ಕೆಯಾದ ಮಗುವಿಗೆ ಮಾದರಿ ಮಾಡಲು 10,000 ರೂಪಾಯಿಯೂ ಬರುತ್ತದೆ. ಆದರೆ ಮೇಜಿನ ಮೇಲೆ ಏನಿರುತ್ತದೆ? ಥರ್ಮೋಕೋಲಿನ ಜ್ವಾಲಾಮುಖಿ. ಸೋಡಾಪುಡಿಗೆ ವಿನೆಗರ್ ಸುರಿದರೆ ಕೆಂಪು ನೊರೆ ಉಕ್ಕುತ್ತದೆ, ಚಪ್ಪಾಳೆ ಬೀಳುತ್ತದೆ. ಜ್ವಾಲಾಮುಖಿಯನ್ನು ಕಾಣದ, ಕಾಣುವ ಸಂಭವವೂ ಇಲ್ಲದ ತಾಲೂಕು ಇದು. ಅದೇ ತಾಲೂಕಿನಲ್ಲಿ 2022ರ ಜೂನ್ ಕೊನೆಯ ವಾರ ನೆಲ ನಡುಗಿತು. 28ರಂದು ನಡುಗಿದ್ದು ರಿಕ್ಟರ್ ಮಾಪಕದಲ್ಲಿ 3ರಷ್ಟು. ಸಂಪಾಜೆ, ಚೆಂಬು, ಅರಂತೋಡು, ಸುಳ್ಯ ಕಡೆಗಳಲ್ಲಿ ಪಾತ್ರೆಗಳು ಸದ್ದು ಮಾಡಿದವು, ಜನ ಅಂಗಳಕ್ಕೆ ಓಡಿದರು. ಅದಕ್ಕೂ ನಾಲ್ಕು ವರ್ಷ ಹಿಂದೆ, 2018ರ ಆಗಸ್ಟಿನಲ್ಲಿ, ಜೋಡುಪಾಲದ ಗುಡ್ಡ ಕುಸಿದು ಬಂದು, ಉಳಿದವರು ಕಲ್ಲುಗುಂಡಿ, ಅರಂತೋಡಿನ ಆಶ್ರಯ ಕೇಂದ್ರಗಳಲ್ಲಿ ದಿನ ಕಳೆದದ್ದೂ ನಮ್ಮ ಕಣ್ಣೆದುರೇ. ಕಲ್ಲೊಂದನ್ನು ದಾರದಲ್ಲಿ ನೇತು ಹಾಕಿ, ಅದಕ್ಕೊಂದು ಸ್ಕೆಚ್ ಪೆನ್ನು ಕಟ್ಟಿ, ಕೆಳಗೆ ಕಾಗದ ಎಳೆಯುತ್ತ ಮೇಜನ್ನು ಅಲುಗಾಡಿಸಿದರೆ ಭೂಕಂಪನ ಮಾಪಕ ಹೇಗೆ ಕೆಲಸ ಮಾಡುತ್ತದೆಂದು ಏಳನೆಯ ತರಗತಿಯ ಮಗು ತೋರಿಸಬಲ್ಲದು. ತೂಕದ ಕಲ್ಲು ಇದ್ದಲ್ಲೇ ಇರುತ್ತದೆ, ನಡುಗುವುದು ನೆಲ, ಅದಕ್ಕೇ ಗೆರೆ ಬೀಳುತ್ತದೆ. ಆ ಮಾದರಿಯ ಎದುರು ಊರಿನವರು ನಿಲ್ಲುತ್ತಾರೆ. ಆ ಬೆಳಗ್ಗೆ ತಾನು ಎಲ್ಲಿದ್ದೆ ಎಂದು ಪ್ರತಿಯೊಬ್ಬರಿಗೂ ಹೇಳಲಿಕ್ಕಿದೆ.

ಇನ್ನೂ ದೊಡ್ಡದು ಅಡಿಕೆಯ ಹಳದಿ ಎಲೆ ರೋಗ. ಸಂಪಾಜೆ, ಅರಂತೋಡು, ತೊಡಿಕಾನ, ಮರ್ಕಂಜದ ತೋಟಗಳನ್ನು ಅದು ಹೇಗೆ ತಿಂದಿದೆ ಎಂದು ಈ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ. ಕೆಳಗಿನ ಸೋಗೆಯ ಎಲೆಗಳ ತುದಿ ಹಳದಿಯಾಗುತ್ತದೆ, ಅಡಿಕೆ ಒಳಗಿನಿಂದ ಬಣ್ಣಗೆಟ್ಟು ಮೆತ್ತಗಾಗುತ್ತದೆ, ಬೇರು ಸಾಯುತ್ತದೆ, ವರ್ಷ ಕಳೆದಂತೆ ಫಸಲು ಇಳಿಯುತ್ತದೆ. ಕಾರಣ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ. ಬ್ಯಾಕ್ಟೀರಿಯಾದ ಕುಲದ್ದೇ, ಆದರೆ ಅದಕ್ಕೆ ಕೋಶದ ಗೋಡೆ ಇಲ್ಲ. ಮರದ ಆಹಾರ ಸಾಗುವ ನಾಳಗಳಲ್ಲಿ ಸೇರಿಕೊಳ್ಳುತ್ತದೆ, ರಸ ಹೀರುವ ಪುಟ್ಟ ಜಿಗಿಹುಳದ ಮೂಲಕ ಮರದಿಂದ ಮರಕ್ಕೆ ಹರಡುತ್ತದೆ. ಕೇರಳದಲ್ಲಿ ಇದನ್ನು ಗುರುತಿಸಿದ್ದು 1914ರಷ್ಟು ಹಿಂದೆ. ವಾಸಿ ಮಾಡುವ ಮದ್ದು ಇಂದಿಗೂ ಇಲ್ಲ. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಮತ್ತು ಅದರ ವಿಟ್ಲದ ಕೇಂದ್ರ, ರೋಗದ ನಡುವೆಯೂ ಹಸಿರಾಗಿ ನಿಂತ ಮರಗಳನ್ನು ಹುಡುಕಿ ಅವುಗಳಿಂದ ತಡೆಯುವ ತಳಿ ಪಡೆಯುವ ಪ್ರಯತ್ನದಲ್ಲಿವೆ. ಇದಕ್ಕಿಂತ ಜೀವಂತ ವಿಜ್ಞಾನ ಪಾಠ ಯಾವ ಪಟ್ಟಣದ ಮ್ಯೂಸಿಯಂನಲ್ಲಿ ಸಿಕ್ಕೀತು? ಮಕ್ಕಳು ಬೇಸಗೆಯಲ್ಲಿ ತಮ್ಮ ತಮ್ಮ ತೋಟದ ನಕ್ಷೆ ಬರೆದು, ಹಳದಿ ಬಿದ್ದ ಮರಕ್ಕೆ ಒಂದು ಬಣ್ಣ, ಹಸಿರು ಮರಕ್ಕೆ ಇನ್ನೊಂದು ಬಣ್ಣ ಹಾಕಿ, ಇಡೀ ಗ್ರಾಮದ ನಕ್ಷೆಯನ್ನು ಪಂಚಾಯತ್ ಗೋಡೆಗೆ ಅಂಟಿಸಿದರೆ ಅದು ಪ್ರದರ್ಶನವೂ ಹೌದು, ಸಂಶೋಧಕರಿಗೆ ಕೆಲಸಕ್ಕೆ ಬರುವ ದಾಖಲೆಯೂ ಹೌದು. ಚಿತ್ರಕಲೆಯ ಶಿಬಿರಕ್ಕೂ ಆಗ ಬರೆಯಲು ತ್ರಿಕೋನದ ಗುಡ್ಡ ಬಿಟ್ಟು ಬೇರೇನಾದರೂ ಸಿಗುತ್ತದೆ.

ಗಡಿಯಾಚೆಗೂ ನೋಡಬಹುದು. ಕಾಸರಗೋಡಿನ ನೆಟ್ಟಣಿಗೆಯಲ್ಲಿ 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿರುವ ಸತ್ಯನಾರಾಯಣ ಬೆಳೇರಿಯವರಿಗೆ 2024ರಲ್ಲಿ ಪದ್ಮಶ್ರೀ ಬಂತು. ಗಡಿಯ ಈಚೆ, ಕೇಪುವಿನ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ. ನೀರಿಲ್ಲದ ಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು, ಐದು ಸಲ ನೀರು ಸಿಗದೆ ಆರನೆಯದರಲ್ಲಿ ನೀರು ಕಂಡ ಮನುಷ್ಯ. ಮುರಕಲ್ಲಿನ ಗುಡ್ಡದೊಳಗೆ ಒಬ್ಬ ಆಳು ನುಸುಳುವಷ್ಟು ಅಗಲಕ್ಕೆ ಅಡ್ಡವಾಗಿ ಕೊರೆದ ಸುರಂಗಕ್ಕೆ ಪಂಪು ಬೇಡ, ಕರೆಂಟು ಬೇಡ, ನೀರು ಇಳಿಜಾರಿನಲ್ಲಿ ತಾನೇ ಹರಿದು ಬರುತ್ತದೆ. ಈ ಎರಡೂ ಕಡೆಗೆ ಟಿಕೆಟ್ ಕೌಂಟರ್ ಇಲ್ಲ. ಮನೆಯವರಿಗೆ ಮೊದಲೇ ಹೇಳಿ, ತೊಂದರೆ ಕೊಡದ ಹಾಗೆ ಹೋದರಾಯಿತು.

ಆಕಾಶದ ಪ್ರದರ್ಶನಕ್ಕಂತೂ ಬಸ್ಸೂ ಬೇಡ. ಸುಳ್ಯ ಇರುವುದು ಸುಮಾರು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸೂರ್ಯ ಏಪ್ರಿಲ್ 23ರ ಹೊತ್ತಿಗೆ ನೆತ್ತಿಯ ಮೇಲೆ ನೇರ ಬರುತ್ತಾನೆ. ಮಧ್ಯಾಹ್ನ ಹನ್ನೆರಡೂವರೆಗೆ ಮೂರು ನಾಲ್ಕು ನಿಮಿಷ ಇರುವಾಗ ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ ಪೈಪಿನ ತುಂಡಿಗೆ ನೆರಳೇ ಇರುವುದಿಲ್ಲ, ಅದರ ಒಳಗಿನಿಂದ ಬಿಸಿಲು ನೇರ ನೆಲಕ್ಕೆ ಬೀಳುತ್ತದೆ. ಮಂಗಳೂರಿನಲ್ಲಿ ಇದು ಒಂದು ದಿನ ತಡ. ಆ ಒಂದು ದಿನದ ವ್ಯತ್ಯಾಸ ಯಾಕೆ ಎಂದು ಕೇಳುವ ಮಗು ಭೂಮಿ ಗುಂಡಗಿದೆ ಎಂಬುದನ್ನು ತಾನೇ ಕಂಡುಹಿಡಿದ ಹಾಗೆ. ಏಪ್ರಿಲ್ 23 ರಜೆಯ ದಿನ. ತಿಂಗಳುಗಟ್ಟಲೆ ಒಣ ಅಡಿಕೆ ಹರವಿದ ಅಂಗಳ ಎಲ್ಲರ ಮನೆಯಲ್ಲೂ ಇದೆ.

ಈಚಿನ ವರ್ಷಗಳಲ್ಲಿ ಅನುಕೂಲವಾದದ್ದೂ ಇದೆ, ಅದನ್ನು ಮರೆಯಬಾರದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ತಾಯಂದಿರಿಗೂ ಹೆಣ್ಣುಮಕ್ಕಳಿಗೂ ಬಿಜೈವರೆಗೆ ಕೆಎಸ್ಸಾರ್ಟಿಸಿಯ ಸಾಮಾನ್ಯ ಬಸ್ಸಿನಲ್ಲಿ ದುಡ್ಡು ಕೊಡಬೇಕಾಗಿಲ್ಲ. ಧರ್ಮಸ್ಥಳ, ಸುಬ್ರಹ್ಮಣ್ಯದ ಬಸ್ಸುಗಳಲ್ಲಿ ನಿಲ್ಲಲೂ ಜಾಗವಿಲ್ಲದಂತಾದದ್ದು ಆ ಬಳಿಕವೇ. ಗ್ರಾಮ ಪಂಚಾಯತ್ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿ, ಮೇ ತಿಂಗಳಿನಲ್ಲಿ ಮಕ್ಕಳ ಬೇಸಗೆ ಶಿಬಿರ ನಡೆಸುವ ಪದ್ಧತಿಯೂ ಶುರುವಾಗಿದೆ. ಮೊದಲ ಬೇಡಿಕೆ ಅದನ್ನು ನಡೆಸುವವರಲ್ಲಿ: ಶಿಬಿರದ ಒಂದು ದಿನವನ್ನು ಬಾಲವನಕ್ಕೋ ಪಿಲಿಕುಳಕ್ಕೋ ಮೀಸಲಿಟ್ಟು, ಅಲ್ಲಿ ಒಂದೇ ಕಡೆ ಇಡೀ ದಿನ ಕಳೆದರೆ ಡಿಸೆಂಬರಿನ ಹತ್ತು ನಿಲ್ದಾಣಗಳ ಓಟಕ್ಕಿಂತ ಮೇಲು. ಗುಂಪು ಚಿಕ್ಕದಿರಲಿ. ಮೂರನೆಯ ಸಲ ಬಗ್ಗಿ ನೋಡುವಷ್ಟು ಹೊತ್ತು ಸಿಗಲಿ.

ಎರಡನೆಯ ಬೇಡಿಕೆ ಮ್ಯೂಸಿಯಂನವರಲ್ಲಿ. ವಿಜ್ಞಾನ ಪ್ರದರ್ಶನವನ್ನು ಬಸ್ಸಿನಲ್ಲಿಟ್ಟು ಹಳ್ಳಿಗೆ ಒಯ್ಯುವ ಉಪಾಯ ದೇಶದಲ್ಲಿ 1965ರಲ್ಲೇ ಬಂಗಾಳದಲ್ಲಿ ಆರಂಭವಾಯಿತು. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನ ಬಸ್ಸೂ ದಕ್ಷಿಣದ ಊರೂರಿಗೆ ಓಡಾಡಿದೆ. ಆ ಬಸ್ಸು ಶಾಲೆಗೆ ಬರುವುದು ಶಾಲೆ ನಡೆಯುವಾಗ. ಮಾರ್ಚ್‌ನಿಂದ ಮೇ ತನಕ ಅದಕ್ಕೆ ಒಂದು ಬ್ರಹ್ಮಕಲಶದ ಪಾರ್ಕಿಂಗ್ ಗದ್ದೆಯಲ್ಲಿ ಜಾಗ ಕೊಡಬಾರದೇಕೆ? ಸಾವಿರಾರು ಜನ ಊಟದ ಸಾಲಿಗೆ ಮೊದಲು, ಊಟದ ನಂತರ, ರಾತ್ರಿಯ ಆಟ ಶುರುವಾಗುವ ತನಕ ಅಲ್ಲೇ ಇರುತ್ತಾರೆ. ಹೊರೆಕಾಣಿಕೆಗೆ ಕೌಂಟರ್ ಹಾಕುವ, ಕೃಷಿ ಯಂತ್ರದ ಮಳಿಗೆಗೂ ಐಸ್‌ಕ್ರೀಮಿನವನಿಗೂ ಜಾಗ ಗುರುತಿಸುವ ಸ್ವಯಂಸೇವಕರು ನಮ್ಮಲ್ಲಿದ್ದಾರೆ, ಇನ್ನೊಂದು ಬಸ್ಸಿಗೆ ಜಾಗ ಮಾಡುವುದು ಅವರಿಗೆ ದೊಡ್ಡ ವಿಷಯವಲ್ಲ. ಸಮಿತಿಯ ಆಮಂತ್ರಣ ಪತ್ರಿಕೆಯಲ್ಲಿ ಧಾರ್ಮಿಕ ಸಭೆ, ಸಾಂಸ್ಕೃತಿಕ ಕಾರ್ಯಕ್ರಮದ ಕೆಳಗೆ ಒಂದು ಸಾಲು ಸೇರಿಸಿದರಾಯಿತು. ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವುದು ಜನವರಿಯಲ್ಲಿ, ಹಾಗಾಗಿ ಮ್ಯೂಸಿಯಂಗೆ ಪತ್ರ ಬರೆಯುವುದು ದೀಪಾವಳಿಯ ಹೊತ್ತಿಗೆ ಆಗಬೇಕು.

ಕಾಯಲಾರದವರು ಈ ರಜೆಯ ಉಳಿದ ದಿನಗಳಲ್ಲೇ ಹೊರಡಬಹುದು. ಸೋಮವಾರ ಮಾತ್ರ ಹೋಗಬೇಡಿ, ಪಿಲಿಕುಳವೂ ಬಿಜೈಯ ಹಡಗೂ ಅಂದು ಬಾಗಿಲು ಹಾಕಿರುತ್ತವೆ.